ಕಪಾಟಿಗೆ ಆನಿಸಿದ ಬೇಸ್

ನಮ್ಮ ಮನ್ಯಾಗ ಪ್ರತಿ ರವಿವಾರ ಮುಂಜಾನೆ ಒಬ್ಬ ದೊಡ್ಡ ಮನಷ್ಯಾನ ಮರ್ಯಾದಿ ತಗೀತಾರ. ತಗಿಯೋರು ಮೂರು ಮಂದಿ. ಒಬ್ಬರು ನಮ್ಮ ಮನಿಯವರು. ಮಾರ್ಕೆಟ್ ಯಾರ್ಡಿನ ಲಾರಿ ಆಫೀಸಿನಾಗ ಮಾಲಿನ ಬಿಲ್ಟಿ ಬರಿಯೋ ಕ್ಲಾರ್ಕು, ಸಂಜೀಕ ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ಬಾರಸೋರು. ಇನ್ನೊಬ್ಬ ಶಂಕ್ರೆಪ್ಪ, ಖಡಕಿ ಫ್ಯಾಕ್ಟರ್ಯಾಗ ಫಿಟ್ಟರು, ಅದೇ ಆರ್ಕೆಸ್ಟ್ರಾದಾಗ ಢೋಲಕಿ. ಮೂರನೇದವರು ಮಧ್ವೇಶ ಅವರು, ಬ್ಯಾಂಕಿನವರು. ಏನೂ ಬಾರಸೂದಿಲ್ಲ, ಬಾಯಿ ಒಂದ ಬಾರಸ್ತಾರ. ಇನ್ನ ಮರ್ಯಾದಿ ಕಳಕೊಳ್ಳೋರು ಅಂದ್ರ ಅಮೇರಿಕಾದವರು, ಇಂಗ್ಲಂಡಿನವರು, ಜಗತ್ತೆಲ್ಲಾ ತಲಿ ಮ್ಯಾಲ ಹೊತ್ತುಕೊಂಡು ಕುಣಿಯೋ ಬೇಸ್ ಗಿಟಾರ್ ವಾದಕರು. ಪುಣೆದ ಬಿಬವೇವಾಡ್ಯಾಗ ತಮ್ಮ ಮ್ಯಾಲ ಪಂಚಾಯ್ತಿ ಕೂತದ ಅಂತ ಪಾಪ ಅವರಿಗೆ ಗೊತ್ತೂ ಇರೂದಿಲ್ಲ.

"ಓವರ್‌ರೇಟೆಡ್" ಅನ್ನೋ ಶಬ್ದ ನಾನು ಕಲತದ್ದು ಹಿಂಗ. ಸಿಂದಗಿಯಿಂದ ಮದಿವ್ಯಾಗಿ ಪುಣೆಕ್ಕ ಬಂದಾಗ ನನಗ ಮರಾಠಿ ನೆಟ್ಟಗ ಬರತಿರಲಿಲ್ಲ, ಈ ಶಬ್ದ ಮಾತ್ರ ಒಂದ ತಿಂಗಳದಾಗ ಬಂತು. ಯೋಗ್ಯತಾಕ್ಕಿಂತ ಹೆಚ್ಚು ಹೊಗಳಿಸಿಕೊಂಡಾಂವ ಅಂತ ಅರ್ಥ. ಭಾಳ ಉಪಯೋಗದ ಶಬ್ದ ಅದು. ಬಾಜೂ ಮನಿ ಕಾಕೂ ಮಾಡೋ ಹೋಳಿಗಿ ಓವರ್‌ರೇಟೆಡ್, ನಮ್ಮ ನಾದಿನಿ ಜಂಬ ಓವರ್‌ರೇಟೆಡ್. ನಾನು ಮನಸ್ಸಿನಾಗ ಅಂದುಕೊಳ್ತೀನಿ, ಬಾಯಿ ಬಿಟ್ಟು ಅನ್ನೂದಿಲ್ಲ.

ಆ ವಾದಕರ ಹೆಸರಾದ್ರೂ ಎಂಥಾವು! ಒಬ್ಬಾಂವ ಫ್ಲೀ, ಒಬ್ಬಾಂವ ಸ್ಟಿಂಗ್. ಏನು ಅರ್ಥ ಅಂತ ನಮ್ಮ ಮಗಳು ಸಪ್ನಾನ್ನ ಕೇಳಿದೆ. ಒಂದು ಚಿಕ್ಕಾಡ ಅಂತ, ಇನ್ನೊಂದು ಕುಟುಕೂದು ಅಂತ. "ಯವ್ವಾ, ಇವರು ಬಾರಸೋರಾ, ಕಡಿಯೋರಾ?" ಅಂದೆ. ಮಧ್ವೇಶ ಅವರು ಚಾ ನೆತ್ತಿಗೇರಿಸಿಕೊಂಡು ಕೆಮ್ಮಿದ್ರು.

ವಾದ ಶುರು ಮಾಡೋರು ಯಾವಾಗಲೂ ಮಧ್ವೇಶ ಅವರ. "ಆ ಜಾಕೊ ಅದಾನಲ್ಲ, ಅಂವಾ ಬೇಸ್ ಬಾರ್ಸಿಲ್ಲೋ, ಸರ್ಕಸ್ ಮಾಡ್ಯಾನ" ಅಂತಾರ. ಸತ್ತು ಮೂವತ್ತೈದು ವರ್ಷದ ಮ್ಯಾಲಾದ ಮನಷ್ಯಾನ್ನೂ ಬಿಡೂದಿಲ್ಲ. ನಮ್ಮ ಮನಿಯವರು "ಸರ್ಕಸ್ ಅಲ್ಲ, ಆ ತಂತಿ ಅಳತದ. ಕಿವಿಗೊಟ್ಟು ಕೇಳು" ಅಂತ ಫೋನಿನಾಗ ಹಾಡು ಹಚ್ಚತಾರ. ಶಂಕ್ರೆಪ್ಪ ಚುರಮರಿ ಸುಸಲಾದಾಗಿನ ಶೇಂಗಾ ಆರಿಸಿ ತಿಂದುಕೋತ, ಯಾರು ಜೋರು ಮಾತಾಡತಾರೋ ಅವರ ಕಡೆ ಆಗತಾನ. ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ, ಈ ಮಧ್ವೇಶ ಅವರಂತೂ ಕುಣಿಯೋರ ಕಾಲೇ ಡೊಂಕು ಅಂತಾರ. ಆದ್ರ ಅವರು ಬರದ ರವಿವಾರ ನಮ್ಮ ಮನಿಯವರು ಹತ್ತು ಸಲ ಗ್ಯಾಲರಿಗೆ ಹೋಗಿ ಬಗ್ಗಿ ನೋಡತಾರ.

ಒಬ್ಬರ ವಿಷಯದಾಗ ಮಾತ್ರ ನಮ್ಮ ಮನಿಯವರು ಯಾರಿಗೂ ತುಟಿ ಪಿಟಕ್ ಅನ್ನಗೊಡೂದಿಲ್ಲ. ಜೇಮರ್ಸನ್ ಅಂತ. ಒಂದ ಬೆರಳಲೆ ಬಾರಸ್ತಿದ್ರಂತ. ಅಮೇರಿಕಾದ ಮಂದಿ ಕುಣಿದ ಎಷ್ಟೋ ಹಾಡಿನ ಬುಡದಾಗ ಅವರ ಬೇಸ್ ಅದ, ಆದ್ರ ಭಾಳ ವರ್ಷ ರೆಕಾರ್ಡಿನ ಮ್ಯಾಲ ಅವರ ಹೆಸರ ಹಾಕತಿರಲಿಲ್ಲ. ಇದನ್ನ ಹೇಳೂಮುಂದ ಇವರ ದನಿ ಸಣ್ಣದಾಗತದ, ಸ್ವಂತ ಕಾಕಾನ ಸುದ್ದಿ ಹೇಳಿದಂಗ.

ಹೆಸರಿನ ಮಾತು ಬಂತಂತ ಹೇಳ್ತೀನಿ. ನಮ್ಮ ಮನಿಯವರ ಹೆಸರು ನಾನು ಹೇಳೂದಿಲ್ಲ. ನಮ್ಮವ್ವ ನಮ್ಮಪ್ಪನ ಹೆಸರು ಹೇಳಲಿಲ್ಲ, ನನಗೂ ನಾಲಿಗಿ ಹೊರಳೂದಿಲ್ಲ. ಮದಿವ್ಯಾಗ ಒಂದ ಸಲ ಎಲ್ಲಾರೂ ಬಾಗಲಾ ಅಡ್ಡಗಟ್ಟಿದಾಗ ಒಡಪು ಕಟ್ಟಿ ಹೇಳೀನಿ, ಅಷ್ಟ. ಬ್ಯಾಂಕಿನಾಗ ಕೇಳಿದ್ರ ಚೀಟಿ ಮ್ಯಾಲ ಬರದು ಕೊಡ್ತೀನಿ. "ಮಮ್ಮಿ, ಯಾವ ಕಾಲದಾಗ ಅದಿ?" ಅಂತ ಸಪ್ನಾ ನಗತಾಳ. ನಗವಲ್ಲಳ್ಯಾಕ. ಶನಿವಾರ ನಾನು ಎಣ್ಣಿ ಹಾಕಾಕ ಮಾರುತಿ ಗುಡಿಗೆ ಹೋಗತೀನಿ. ಆ ದೇವರಿಗೆ ಇನ್ನೊಂದು ಹೆಸರದ, ಊರೆಲ್ಲಾ ಅದನ್ನ ಅಂತಾರ, ನಾನು ಅನ್ನೂದಿಲ್ಲ. ತಿಳಕೋರಿ.

ಈಗ ಕಪಾಟಿನ ಸುದ್ದಿ. ಬೇಸ್ ಅಂದ್ರ ನಾಕ ತಂತಿ, ನನ್ನ ಕಿರಿಬೆರಳಿನಷ್ಟು ದಪ್ಪ ಅಂದ್ರೂ ನಡೀತದ. ದನಿ ದೊಡ್ಡದು ಮಾಡೋ ಮಷೀನಿಗೆ ಹಚ್ಚಲಿಲ್ಲಂದ್ರ ಸಪ್ಪಳಾನ ಬರೂದಿಲ್ಲ. ಮದಿವ್ಯಾದ ಹೊಸದಾಗ ಮಷೀನು ಹಚ್ಚಿದ್ರ ಮನಿ ಮಾಲಕ ಕೆಳಗಿಂದ ಕೋಲಿಲೆ ಕುಟ್ಟಿದ. ಅವತ್ತಿನಿಂದ ಇವರು ಹೊರಗಿನ ಖೋಲ್ಯಾಗ ಕೂತು, ಬೇಸಿನ ತಲಿ ಕಟಗಿ ಕಪಾಟಿಗೆ ಆನಿಸಿ ಬಾರಸಾಕ ಶುರು ಮಾಡಿದ್ರು. ಕಪಾಟೇ ಗುಂಯ್ ಅಂತದ. ಆ ಕಪಾಟಿನ ಬೆನ್ನಿಗೆ ನಮ್ಮ ಅಡಗಿ ಮನಿ ಗ್ವಾಡಿ. ಗ್ವಾಡಿ ಮ್ಯಾಲಿನ ಸ್ಟೀಲ್ ಡಬ್ಬಿ ಸಣ್ಣಗ ನಡಗತಾವ. ಇತ್ಲಾಗ ನಾನು ಜ್ವಾಳದ ರೊಟ್ಟಿ ಬಡೀತಿದ್ದೆ, ಅತ್ಲಾಗ ಇವರು ಬಾರಸ್ತಿದ್ರು. ಇಪ್ಪತ್ಮೂರು ವರ್ಷ ಹಿಂಗ ನಡದದ. ಎರಡು ಸಲ ಪ್ರೋಗ್ರಾಮಿಗೆ ಕರಕೊಂಡು ಹೋಗಿದ್ರು. ಅಲ್ಲಿ ಇವರು ಎಲ್ಲಾರ ಹಿಂದ ಕತ್ತಲ್ಯಾಗ ನಿಂತಿದ್ರು. ನಾನು ಬರೇ ನೋಡಿದೆ. ಕೇಳೂದೆಲ್ಲಾ ನನಗ ಮನ್ಯಾಗ ಆಗಿತ್ತು.

ಹೋದ ದೀಪಾವಳಿ ಆದ ಮ್ಯಾಲ ಆರ್ಕೆಸ್ಟ್ರಾದ ಮಾಲಕ ವಿಕಾಸ ಇವರನ್ನ ಕರಿಸಿದ. ಚಾ ಕುಡಿಸಿ, "ದಾದಾ, ವಾಈಟ ವಾಟೂನ ಘೇಊ ನಕಾ" ಅಂದ. ಬ್ಯಾಸರಾ ಮಾಡಿಕೋಬ್ಯಾಡ್ರಿ ಅಂತ. ಕೀಬೋರ್ಡಿನಾಂವ ಎಡಗೈಲೆ ಬೇಸ್ ಬಾರಸ್ತಾನ, ಇನ್ನ ಬ್ಯಾರೆ ಮನಷ್ಯಾ ಬ್ಯಾಡ ಅಂದ. ಅಷ್ಟಕ್ಕ ನಿಂತಿದ್ರ ಇವರು ತಡಕೊಳ್ತಿದ್ರು. "ಮಂದಿಗೆ ಏನೂ ಫರಕ್ ತಿಳಿಯೂದಿಲ್ಲ ದಾದಾ" ಅಂತ ಒಂದು ಮಾತು ಕೂಡಿಸಿದ. ಮನಿಗೆ ಬಂದು ಇವರು ಆ ಒಂದ ಮಾತು ನನಗ ಮೂರು ಸಲ ಹೇಳಿದ್ರು.

ಬೇಸ್ ಚೀಲದಾಗ ಹೋತು. ಹದಿನೈದು ದಿನ ಕಪಾಟು ಮೂಕಾತು. ಶಂಕ್ರೆಪ್ಪ ಬಂದು, "ಊರಿನ ಆ ತುದಿ ನಿಗಡಿಯೊಳಗ ನಮ್ಮ ಕನ್ನಡದವರ ಭಜನಿ ಮಂಡಳಿ ಅದ, ಶನಿವಾರಕ್ಕೊಮ್ಮೆ ಬರ್ರಿ, ಎಲ್ಲಾರೂ ಖುಷಿ ಪಡತಾರ" ಅಂದ. "ಭಜನ್ಯಾಗ ಬೇಸ್ ಯಾರಿಗೆ ಕೇಳತದ ಶಂಕ್ರೆಪ್ಪ" ಅಂದ್ರು ಇವರು. ನನಗ ಏನಾಗಿತ್ತೋ ಏನೋ, ದಿನಾ ಎರಡು ರೊಟ್ಟಿ ಹರೀತಿದ್ವು. ಬಡಿಯೋ ಕೈಗೆ ತಾಳ ಸಿಗವಲ್ದು. ಸುಳ್ಳ ಯಾಕ ಹೇಳಲಿ, ಇವರ ಮ್ಯಾಲ ಎಲ್ಲಾದಕ್ಕೂ ಸಿಟ್ಟು ಮಾಡಿದೆ. ಹಸಿ ಟಾವೆಲ್ಲು ಕಾಟಿನ ಮ್ಯಾಲ ಒಗದ್ರಂತ ಸಿಟ್ಟು, ಊಟ ಕಮ್ಮಿ ಮಾಡಿದ್ರಂತ ಸಿಟ್ಟು. ಬೇಸಿನ ಮಾತು ಮಾತ್ರ ಎತ್ತಲಿಲ್ಲ, ಎತ್ತಿದ್ರ ಅತ್ತುಬಿಡತೀನಿ ಅನ್ನೋ ಅಂಜಿಕಿ.

ಒಂದು ಶನಿವಾರ ಇವರ ಹೇಳಿದ್ರು. ಬೇಸ್ ಕೊಟ್ಟುಬಿಡತೀನಿ, ಮಾರಾಕದ ಅಂತ ಫೋನಿನಾಗ ಫೋಟೋ ಹಾಕಿದ್ದೆ, ನಿಗಡಿಯಿಂದ ಒಬ್ಬರು ಸಂಗೀತದ ಮಾಸ್ತರು ನಾಳೆ ಮಧ್ಯಾಹ್ನ ಒಯ್ಯಾಕ ಬರತಾರ ಅಂತ.

"ಯಾಕ್ರಿ?" ಅಂದೆ.

"ಇಟ್ಟುಕೊಂಡು ಏನು ಮಾಡೂದು ಸುಮಂಗಲಾ? ನನಗಷ್ಟ ಕೇಳಸ್ತದ ಅದು."

ರವಿವಾರ ಆತು. ಮೂವರೂ ಕೂತಿದ್ರು, ನಾನು ಅಡಗಿ ಮನ್ಯಾಗ. ಮಧ್ವೇಶ ಅವರು ಎಂದಿನಂಗ ಕೆಣಕಿದ್ರು, "ಹಾಂ, ಇವತ್ತು ಯಾರನ್ನ ಇಳಸೋಣ? ಯಾರು ಓವರ್‌ರೇಟೆಡ್?"

"ನಾನು" ಅಂದ್ರು ನಮ್ಮ ಮನಿಯವರು. "ನನ್ನ ಹೆಸರ ಬರಕೋರಿ. ಇಪ್ಪತ್ತೇಳು ವರ್ಷ ಯಾರೋ ಕೇಳಾಕತ್ತಾರ ಅಂತ ತಿಳಕೊಂಡು ಬಾರಿಸೀನಿ."

ಶಂಕ್ರೆಪ್ಪನ ಬಾಯಾಗಿನ ಶೇಂಗಾ ಬಾಯಾಗ ಉಳೀತು. ಮಧ್ವೇಶ ಅವರಿಗೆ ಅಲ್ಲೇ ಸುಮ್ಮ ಕೂಡಬೇಕಂತ ತಿಳೀಬೇಕಿಲ್ಲೋ? ಇವರು ಎದುರು ವಾದ ಮಾಡಲಿ, ಹಳೆ ಹುರುಪು ಬರಲಿ ಅಂತ ಅವರ ಮನಸ್ಸಿನಾಗ ಇತ್ತಂತ, ಆಮ್ಯಾಲ ಹೇಳಿದ್ರು. ಅವಾಗ ಅಂದದ್ದು ಮಾತ್ರ ಬ್ಯಾರೆ. "ನೀ ಒಬ್ಬನ ಅಲ್ಲೋ, ಬೇಸ್ ಅನ್ನೋದ ಓವರ್‌ರೇಟೆಡ್! ಬಾರಸೋರಿಗೆ ಬಿಟ್ಟು ಯಾರಿಗೂ ಕೇಳೂದಿಲ್ಲ ಅದು. ಬಾರಸಲಾರದ ಒಬ್ಬರನ್ನ ಕರಕೊಂಡು ಬಾ. ಹಾಡಿಲ್ಲ, ಢೋಲಕಿಲ್ಲ, ಬರೇ ಬೇಸ್ ಬಾರಿಸು. ಇದು ಇಂಥಾದ್ದು ಅಂತ ಗುರ್ತು ಹಿಡದ್ರ ನನ್ನ ಕಿವಿ ಹಿಂಡು."

"ಅಂಥವರು ಯಾರೂ ಇಲ್ಲ ಬಿಡು" ಅಂದ್ರು ಇವರು. ಎದ್ದು ಬೇಸ್ ಚೀಲದಿಂದ ತಗದ್ರು. ಮಾಸ್ತರಿಗೆ ಕೊಡೋ ಮೊದಲ ಒರಸಿ, ಶ್ರುತಿ ಮಾಡಿ ಇಡೂಣಂತ. ರೂಢಿ ನೋಡ್ರಿ, ಕೂಡೂಮುಂದ ತಲಿ ಕಪಾಟಿಗೇ ಆನಿಸಿದ್ರು. ತಂತಿ ಬಿಗದ್ರು, ನಾಕ ಪೆಟ್ಟು ಬಾರಿಸಿದ್ರು.

ನನ್ನ ಡಬ್ಬಿ ನಡಗಿದ್ವು. ಕೈಯಾಗಿನ ರೊಟ್ಟಿ ತಾನಾಗೇ ದುಂಡಗ ತಿರಗಾಕ ಹತ್ತು. ಹದಿನೈದು ದಿನದ ಮ್ಯಾಲ ಹೋದ ಜೀವ ಬಂದಂಗಾತು, ಮಾತು ಬಾಯಿಂದ ಜಾರಿಬಿಡ್ತು. "ಅಯ್ಯ, ಸಪ್ನಾಗ ಕಾಮಣಿ ಆದಾಗಿಂದಲ್ರೀ ಅದು!"

ಆ ಕಡೆ ಬೇಸ್ ನಿಂತು. "ಏನಂದ್ರಿ ವೈನಿ?" ಅಂತ ಮಧ್ವೇಶ ಅವರ ದನಿ.

"ಸಪ್ನಾಗ ನಾಕ ವರ್ಷ. ಕಣ್ಣು ಅರಿಶಿಣ ಆಗಿದ್ವು. ಆಕಿ ಮಲಗೋತನಕಾ ಇವರು ಇದನ್ನ ಬಾರಸ್ತಿದ್ರು, ನಾನು ಗಂಜಿ ಕಾಸತಿದ್ದೆ."

ಆಮ್ಯಾಲ ಇವರು ಬ್ಯಾರೇದು ಬಾರಿಸಿದ್ರು. ಬುಡದಾಗ ಎರಡು ಪೆಟ್ಟು, ತಡದು ಒಂದು.

"ಇದು ಮಾಳಿಗಿ ಸೋರಿ ಮಳಿ ನೀರು ಮನ್ಯಾಗ ತುಂಬಿದ ವರ್ಷಿಂದು. ಕಾಟಿನ ಮ್ಯಾಲ ಕಾಲು ಮಡಚಿಕೊಂಡು ಕೂತು ಬಾರಿಸಿದ್ರಿ. ನಾನು ಬಾಲ್ದಿಲೆ ನೀರು ಹೊರಗ ಹಾಕತಿದ್ದೆ, ಒಂದು ಕೈ ಹಚ್ಚಲಿಲ್ಲ ನೀವು!"

ಶಂಕ್ರೆಪ್ಪ ತೊಡಿ ಬಡಕೊಂಡು ನಕ್ಕ. ಮಧ್ವೇಶ ಅವರು ಮಾತ್ರ ಬ್ಯಾಂಕಿನವರು, ಸಹಿ ಕೂಡಲಿಲ್ಲಂದ್ರ ಚೆಕ್ ಪಾಸ್ ಮಾಡೂದಿಲ್ಲ. "ಅದೆಲ್ಲಾ ಖರೆ ವೈನಿ. ಆದ್ರ ಹಾಡಿನ ಹೆಸರು ಹೇಳ್ರಿ. ಹೆಸರು ಗೊತ್ತಿಲ್ಲಂದ್ರ ಗುರ್ತು ಹಿಡದಂಗಾಗಲಿಲ್ಲ."

ನನಗ ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಲೇ ಹೊರಗ ಬಂದೆ. "ಹಾಡಿನ ಹೆಸರು ನನಗ ಒಂದೂ ಗೊತ್ತಿಲ್ಲ. ಇವರ ಹೆಸರೂ ನಾನು ಇಪ್ಪತ್ಮೂರು ವರ್ಷದಾಗ ಬಾಯಾಗ ಹಿಡದಿಲ್ಲ. ಹಂಗಂತ ಇವರು ಯಾರಂತ ನನಗ ಗುರ್ತಿಲ್ಲೇನ್ರಿ?"

ಮಧ್ವೇಶ ಅವರು ಕಡೀಕ ತಮ್ಮ ಕಿವಿ ತಾವ ಹಿಂಡಿಕೊಂಡ್ರು.

ನಮ್ಮ ಮನಿಯವರು ನನ್ನ ಕಡೆ ನೋಡಲಿಲ್ಲ. ತಲಿ ತಗ್ಗಿಸಿ ಇನ್ನೊಂದು ಶುರು ಮಾಡಿದ್ರು. ಭಾಳ ಸಾವಕಾಶದ್ದು. ಅದನ್ನ ಕೇಳಿದ ಕೂಡಲೇ ನನ್ನ ಸಿಟ್ಟು ಇಳದು ಹೋತು, ಹೊಚ್ಚಲದ ಮ್ಯಾಲ ಕೂತೆ.

"ಇದು ನಮ್ಮವ್ವ ಹೋದ ದಿನ" ಅಂದೆ. "ಸಿಂದಗಿಯಿಂದ ಫೋನ್ ಬಂತು. ನೀವು ಅರ್ಧಕ್ಕ ನಿಲ್ಲಿಸಿದ್ರಿ. ಮತ್ತ ಎಂದೂ ಮನ್ಯಾಗ ಅದನ್ನ ಬಾರಸಲಿಲ್ಲ. ಮುಂದಿಂದು ನನಗ ಗೊತ್ತಿಲ್ರಿ."

ಇವರ ಬೆರಳು ಸರಿಯಾಗಿ ಅದೇ ಜಾಗಾದಾಗ ನಿಂತಿದ್ವು. ಆ ದಿನ ನಿಂತ ಜಾಗಾ ಇವರಿಗೂ ನೆನಪಿತ್ತು ಅಂತ ನನಗ ಅವಾಗ ತಿಳೀತು. ಒಮ್ಮೆ ಉಸರು ತಗೊಂಡು ಮುಂದಿಂದು ಬಾರಿಸಿದ್ರು. ಹದಿನೈದು ವರ್ಷದ ಹಿಂದ ಉಳದದ್ದು. ನಾನು ಹಿಟ್ಟಿನ ಕೈಲೇ ಕಣ್ಣು ಒರಸಿಕೊಂಡೆ, ಮಾರಿ ತುಂಬ ಜ್ವಾಳದ ಹಿಟ್ಟಾತು. ಯಾರೂ ನಗಲಿಲ್ಲ.

ಮುಗಿಯೂದ್ರಾಗ ಇವರ ಫೋನ್ ಹೊಡಕೊಳ್ಳಾಕ ಹತ್ತು. ಅದು ಅಡಗಿ ಮನ್ಯಾಗ ಚಾರ್ಜಿಂಗಿಗೆ ಇತ್ತು, ನಾನ ಎದ್ದು ಹೋಗಿ ಎತ್ತಿದೆ. ನಿಗಡಿಯ ಮಾಸ್ತರು. ಕೆಳಗ ಗೇಟಿನಾಗ ನಿಂತಾರ, ವಾಚ್‌ಮನ್ ಯಾರ ಮನಿ ಅಂತ ಕೇಳಾಕತ್ತಾನ, ಹೆಸರು ಹೇಳ್ರಿ ಅಂತ ಮರಾಠ್ಯಾಗ ಅಂದ್ರು.

ಹೊರಗ ಬೇಸ್ ಇನ್ನೂ ಕಪಾಟಿಗೆ ಆನಿಸಿಕೊಂಡೇ ಇತ್ತು, ಇವರು ಅದನ್ನ ಚೀಲದಾಗ ಇಡಲಿಲ್ಲ, ಕೆಳಗೂ ಇಡಲಿಲ್ಲ. ಫ್ಲ್ಯಾಟ್ ನಂಬರ್ ಹೇಳಿದ್ರ ಸಾಕಿತ್ತು ನನಗ. ಆದ್ರ ಎಲ್ಲಾರಿಗೂ ಕೇಳೂ ಹಂಗ ಹೇಳಿದೆ.

"ಇದು ಹಣಮಂತ್ರಾಯ ಅವರ ಮನಿ. ಬೇಸ್ ಬಾರಸ್ತಾರಲ್ಲ, ಆ ಹಣಮಂತ್ರಾಯ. ತಪ್ಪು ತಿಳೀಬ್ಯಾಡ್ರಿ ಮಾಸ್ತರ, ಬೇಸ್ ಕೊಡೂದಿಲ್ಲ, ಶನಿವಾರ ಭಜನಿಗೆ ಬೇಕಾಗ್ಯದ. ಆದ್ರ ಅಷ್ಟು ದೂರದಿಂದ ಬಂದೀರಿ, ಮ್ಯಾಲ ಬಂದು ರೊಟ್ಟಿ ತಿಂದು ಹೋಗ್ರಿ."

ಫೋನ್ ಇಟ್ಟು ತಿರಗಿದ್ರ ನಮ್ಮ ಮನಿಯವರು ಅಡಗಿ ಮನಿ ಬಾಗಲದಾಗ ನಿಂತಿದ್ರು. ಕೊಳ್ಳಾಗ ಬೇಸ್, ಕಣ್ಣಾಗ ನೀರು, ಮಾರಿ ಮ್ಯಾಲ ಮದಿವಿ ದಿನದ ನಾಚಿಕಿ.

"ಏನಂದಿ? ಇನ್ನೊಮ್ಮೆ ಅನ್ನು."

"ಒಮ್ಮೆ ಅಂದದ್ದ ಸಾಕು" ಅಂದೆ. "ಕೂತು ಬಾರಸ್ರಿ, ಇನ್ನ ಆರು ರೊಟ್ಟಿ ಬಡಿಯೂದದ."