ಪೂಜೆಯಲ್ಲಿ ಇಳಿದ ಎಡಗೈ

ಬೀದರಿನಿಂದ ನಾಸಿಕಕ್ಕೆ ಬರುವಾಗ ನಮ್ಮ ಅತ್ತೆ ಶಿವಪೂಜೆಯ ಶಿಸ್ತನ್ನೂ ಗಂಟು ಕಟ್ಟಿಕೊಂಡೇ ಬಂದವರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದರೆ ಮುಗಿಯಿತು, ಎಪ್ಪತ್ತರ ಆ ಕೈ ಅಲುಗುವುದಿಲ್ಲ. ಪಕ್ಕದಲ್ಲಿ ಕೂತ ನನ್ನ ಕೈ ಮಾತ್ರ ಅರ್ಧಕ್ಕೇ ಸೋತು ತೊಡೆಯ ಮೇಲೆ ಇಳಿಯುತ್ತಿತ್ತು. ನನಗಾಗ ಮೂವತ್ತೂ ತುಂಬಿರಲಿಲ್ಲ.

“ಕೈ ಅಲ್ಲವ್ವಾ, ನಿನ್ನ ಮನಸ್ಸೇ ನಿಲ್ಲಂಗಿಲ್ಲ,” ಅಂದರು ಅತ್ತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಂದು ಮಾತ್ರ ಅಳು ಬಂತು. ತಲೆ ಬಾಚುವಾಗಲೂ, ಒಗೆದ ಸೀರೆ ಹಗ್ಗಕ್ಕೆ ಹಾಕುವಾಗಲೂ ಅದೇ ಸೋಲು; ಸಂಜೆಯಾದರೆ ಸಣ್ಣ ಜ್ವರ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ಒಂದು ದವಾಖಾನೆಗೆ ಕರೆದೊಯ್ದರು. ನರ್ಸ್ ಎಡಗೈಗೆ ಬಿಪಿ ಪಟ್ಟಿ ಸುತ್ತಿದಳು, ಅಂಕಿಯೇ ಬರಲಿಲ್ಲ. ಮಷೀನ್ ಕೆಟ್ಟಿದೆ ಎಂದು ಗೊಣಗಿ ಬಲಗೈಗೆ ಸುತ್ತಿದಳು. ಅಲ್ಲಿ ಎಲ್ಲ ಸರಿಯಾಗಿತ್ತು. ಡಾಕ್ಟರು ಅಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು.

ಬಲಗೈಗೆ ಸರಿಯಿದ್ದ ಮಷೀನ್ ಎಡಗೈಗೆ ಮಾತ್ರ ಹೇಗೆ ಕೆಟ್ಟೀತು? ಮನೆಗೆ ಬಂದವಳೇ, ಅತ್ತೆ ಹಬ್ಬದ ಪಾತ್ರೆಯ ಹಾಗೆ ಮುಚ್ಚಿಟ್ಟಿದ್ದ ಬಿಪಿ ಮಷೀನ್ ತೆಗೆದೆ. ಅವರ ಎರಡೂ ಕೈಗೆ ಅಂಕಿ ಬಂತು. ನನ್ನ ಎಡಗೈಗೆ ಇಲ್ಲ. ಮಣಿಕಟ್ಟು ಒತ್ತಿ ನೋಡಿಕೊಂಡೆ. ಬಲಗಡೆ ನಾಡಿ ಚೆನ್ನಾಗಿ ಬಡಿಯುತ್ತಿತ್ತು, ಎಡಗಡೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಮರುದಿನವೇ ತವರಿನ ಬಸ್ಸು ಹತ್ತಿದೆ.

ನನ್ನ ತವರು ಛತ್ರಪತಿ ಸಂಭಾಜಿನಗರ. ಅಲ್ಲಿನ ದೊಡ್ಡ ಡಾಕ್ಟರ ಮುಂದೆ ಕೂತು, ಇನ್ನೊಂದು ಟಾನಿಕ್ ಬೇಡ, ಮೊದಲು ಎರಡೂ ಕೈ ನೋಡಿ ಎಂದು ಹಟ ಹಿಡಿದೆ. ಅವರು ನೋಡಿದರು, ಸ್ಕ್ಯಾನ್ ಮಾಡಿಸಿದರು. ಟಕಾಯಾಸು ಎಂಬ ಕಾಯಿಲೆಯಂತೆ. ದೊಡ್ಡ ರಕ್ತನಾಳದ ಗೋಡೆ ಉರಿಯೂತದಿಂದ ದಪ್ಪಗಾಗಿ ರಕ್ತದ ದಾರಿ ಕಿರಿದಾಗುತ್ತದೆ. ಸೌಮ್ಯವಾಗಿದ್ದರೆ ಬರೀ ಸುಸ್ತೆನಿಸಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹದ್ದುಬಸ್ತಿನಲ್ಲಿಡಬಹುದು, ಬಿಟ್ಟಿದ್ದರೆ ಮೆದುಳಿಗೂ ಕುತ್ತು ಬರಬಹುದಿತ್ತು ಎಂದರು. ಹೆದರಿದ್ದು ನಿಜ. ಆದರೂ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನ್ನ ಮೇಲೆ ನನಗೇ ಹೆಮ್ಮೆ ಉಕ್ಕಿ ಬಂತು. ಅಂದವರ ಮಾತು ಅನ್ನಿಸಿಕೊಂಡು ಸುಮ್ಮನೆ ಕೂರಲಿಲ್ಲವಲ್ಲ ನಾನು.

ನಾಸಿಕಕ್ಕೆ ಮರಳಿ ಪೂಜೆಗೆ ಕೂತಾಗ, ಸುದ್ದಿ ಕೇಳಿದ್ದ ಅತ್ತೆ ತಮ್ಮ ಬಲಗೈ ಚಾಚಿ ನನ್ನ ಎಡಗೈಗೆ ಆಸರೆ ಕೊಟ್ಟರು.

ಮೊನ್ನೆ ನಮ್ಮ ಕನ್ನಡದವರೆಲ್ಲ ಸೇರಿ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದರು. ಅತ್ತೆಯ ಒಂದು ಕೈಯ ಬಿಪಿ ನೋಡಿ ಅಲ್ಲಿನ ನರ್ಸ್ ಹುಡುಗಿ ಮುಂದಿನವರನ್ನು ಕರೆದಳು. ಅತ್ತೆ ಏಳಲಿಲ್ಲ, ಸೆರಗು ಸರಿಸಿ ಇನ್ನೊಂದು ತೋಳು ಚಾಚಿದರು.

“ಇದನ್ನೂ ನೋಡವ್ವಾ. ಎಲ್ಲಾರದೂ ಎರಡೂ ಕೈ ನೋಡು. ನಮ್ಮ ಸೊಸಿ ತನ್ನ ಬ್ಯಾನಿ ತಾನೇ ಹಿಡದಾಳ.”

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಿಯೇ ನಿಂತಿದ್ದೆ.