ಧೂಳು ಇಳಿಯುವತನಕ

ಮನೆ ಮುಂದಿನ ರಸ್ತೆ ಅಗೆದಿದ್ದಾರೆ. ಇವತ್ತು ಲಾರಿಯೊಂದು ಎಬ್ಬಿಸಿದ ಧೂಳಿನ ವಾಸನೆಗೆ ಅಪ್ಪ ನೆನಪಾದ.

ಆಗ ಕುಕನೂರಿನ ಮಣ್ಣಿನ ದಾರಿಯಲ್ಲಿ ದಿನಕ್ಕೆ ಒಂದೇ ಲಾರಿ. ಸೀರೆ ಮಾರಲು ಹೊರಟ ಅಪ್ಪ ಸೈಕಲ್ಲಿನಿಂದಿಳಿದು, ದೊಡ್ಡವರಿಗೆ ದಾರಿ ಬಿಡುವಂತೆ ರುಮಾಲು ಸರಿಮಾಡಿಕೊಂಡು ನಿಲ್ಲುತ್ತಿದ್ದ. ಅದು ದಾಟಿದ್ದೇ, ಕಳಿಸಲು ಬಂದ ನನಗೆ "ಹೋತು ನೋಡು, ಇನ್ನ ನಾಳಿತನಕ ದಾರಿ ನಮ್ದ" ಎಂದು ನಕ್ಕು, ಧೂಳಿನೊಳಗೇ ಸೈಕಲ್ ಹತ್ತುತ್ತಿದ್ದ.

ಹತ್ತಿ ಸುಗ್ಗಿಯಲ್ಲೊಂದು ದಿನ ಆ ಲಾರಿಯ ಬೆನ್ನಿಗೇ ಇನ್ನೊಂದು ಲಾರಿಯಿತ್ತು. ಆ ಧೂಳಿನಲ್ಲಿ ಅಪ್ಪನಿಗೆ ಲಾರಿ ಕಾಣಲಿಲ್ಲ, ಡ್ರೈವರನಿಗೆ ಅಪ್ಪ ಕಾಣಲಿಲ್ಲ. ಮಾರಲು ಒಯ್ದ ಸೀರೆಯಲ್ಲೇ ಸುತ್ತಿ ಅಪ್ಪನನ್ನು ಮನೆಗೆ ತಂದರು.

ಇವತ್ತು ಮೊಮ್ಮಗಳು ಸೈಕಲ್ ಹತ್ತಲು ಹೋದಾಗ ಹ್ಯಾಂಡಲ್ ಹಿಡಿದುಕೊಂಡೆ.

"ಲಾರಿ ಹೋತಲ್ಲಜ್ಜಾ?"

"ಧೂಳು ಇಳೀಲಿ, ತಡಿಯವ್ವಾ."