ಆಟಿಕೆಯೂ ಉಗ್ಗಿತು

ನಮ್ಮ ಮನೆಗೆ ಇಂಗ್ಲಿಷ್ ಮಾತಾಡುವ ಡಬ್ಬಿಯೊಂದು ಬಂದಿದೆ.

ಗೋವಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ತಂದದ್ದು. ಗಡಿಯ ಹತ್ತಿರದ ರಾಮನಗರ ಹಾದು ದಾಂಡೇಲಿಗೆ ಬರುವಾಗ ಬಸ್ಸಿನಲ್ಲಿ ತೊಡೆಯಿಂದ ಕೆಳಗಿಳಿಸಲಿಲ್ಲವಂತೆ. ಕೆಂಪು ಪ್ಲಾಸ್ಟಿಕ್ಕು, ಮೇಲೊಂದು ಹಿಡಿಕೆ, ಎದುರಿಗೆ ಅಕ್ಷರಗಳ ಬಟನ್ನು. ‘ಸ್ಪೆಲ್ ಕ್ಯಾಟ್’ ಎನ್ನುತ್ತದೆ. ತಪ್ಪು ಒತ್ತಿದರೆ ‘ಟ್ರೈ ಅಗೇನ್’. ನೂರು ಸಲ ತಪ್ಪಿದರೂ ಅದೇ ದನಿ, ಅದೇ ತಾಳ್ಮೆ. (ಯಾವ ತಾಯಿಗೆ ಸಾಧ್ಯ, ಹೇಳಿ?)

ನನ್ನ ಮಗಳು ಗಿರಿಜಾಗೆ ಆರು ವರ್ಷ. ಮಾತು ಉಗ್ಗುತ್ತಾಳೆ. ಹೆಸರು ಕೇಳಿದರೆ ‘ಗಿ’ಯಲ್ಲೇ ಸಿಕ್ಕಿಕೊಳ್ಳುತ್ತಾಳೆ. ಎದುರಿನವರು ನಗುವ ಮೊದಲೇ ನಾನು ಅವಳ ಮಾತು ಮುಗಿಸಿಬಿಡುತ್ತಿದ್ದೆ. ಪ್ರೀತಿ ಎಂದರೆ ಅದೇ ಎಂದುಕೊಂಡಿದ್ದೆ. ಇತ್ತೀಚೆಗೆ ಅವಳು ಮಾತು ಶುರು ಮಾಡುವುದನ್ನೇ ಬಿಟ್ಟಿದ್ದಳು.

ಆದರೆ ಡಬ್ಬಿಯ ಜೊತೆ? ಅದು ಹೇಳಿದ್ದನ್ನು ಅದರ ಜೊತೆಜೊತೆಗೇ ಹೇಳುತ್ತಾಳೆ, ಒಂದಕ್ಷರವೂ ತಡೆಯದೆ. ಅದನ್ನು ಕೇಳುತ್ತ ನಿಂತು ನಾನು ರೊಟ್ಟಿ ಸೀಯಿಸಿದ್ದೂ ಉಂಟು.

ಕಳೆದ ಭಾನುವಾರ ಮಧ್ಯಾಹ್ನ. ಮನೆಯವರು ಕಾಗದದ ಮಿಲ್ಲಿನ ಪಾಳಿಗೆ ಹೋಗಿದ್ದರು. ಕಿಟಕಿಯ ಬಿಸಿಲು ಬಂದು ನೆಲದ ಮೇಲೆ ಮಲಗಿತ್ತು. ಹೊಳೆಯ ಕಡೆಯಿಂದ ಗಾಳಿ. ನನಗೂ ಜೊಂಪು. ಅರೆನಿದ್ದೆಯಲ್ಲಿ ಕೇಳಿಸಿತು: ‘ಟ್ರ್... ಟ್ರ್... ಟ್ರಾ...’

ಮಗಳಲ್ಲ, ಡಬ್ಬಿ!

‘ಸೆಲ್ ಮುಗದಾವ, ಬಂದ್ ಮಾಡವಾ,’ ಎಂದು ಕೈ ಚಾಚಿದೆ.

ಗಿರಿಜಾ ನನ್ನ ಕೈ ಹಿಡಿದಳು. ‘ತ... ತಡಿಯವ್ವಾ. ಅದು ಹೇಳಲಿ.’ ಆಮೇಲೆ ಡಬ್ಬಿಯ ಕಡೆ ಬಾಗಿ, ‘ಅವಸರಿಲ್ಲ. ನಾ ಇಲ್ಲೇ ಕು... ಕುಂತೇನಿ,’ ಎಂದಳು.

ಅದು ಎಳೆದೆಳೆದು ‘ಅಗೇ...ನ್’ ಮುಟ್ಟುವವರೆಗೂ ಅವಳು ಕದಲಲಿಲ್ಲ.

‘ಅವಸರಿಲ್ಲ’ – ಅವಳಿಗೆ ಯಾರೂ ಹೇಳಿರದ ಮಾತು ಅದು. ನಾನೂ ಹೇಳಿರಲಿಲ್ಲ. ಅವಳ ಪಕ್ಕ ಕುಳಿತೆ. ಸ್ವಲ್ಪ ಹೊತ್ತಿಗೆ, ಎಷ್ಟೋ ದಿನಗಳ ಮೇಲೆ, ತಾನಾಗಿಯೇ ಶುರು ಮಾಡಿದಳು.

‘ಅವ್ವಾ, ನಮ್ಮ ಸಾಲಿ ಹಿಂದಿನ ದೊಡ್ಡ ಗಿಡದಾಗ ಮ... ಮಂ... ಮಂ...’

‘ಮಂಗ್ಯಾ’ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮಿಲ್ಲಿನ ಭೋಂಗಾ ಕೂಗಿ, ನಿಂತಿತು. ಅವಳ ಕುತ್ತಿಗೆಯ ನರ ಉಬ್ಬಿ, ಇಳಿಯಿತು. ನಾನು ಕಾದೆ.

‘...ಮಂಗಟ್ಟಿ ಹಕ್ಕಿ! ಪೊಟರಿಯೊಳಗ ಹೆಣ್ಣು ಕುಂತೈತಿ. ಗಂಡು ಹ... ಹಣ್ಣು ತಂದು ತಂದು ಉಣಸಾಕತ್ತೈತಿ. ನಾ ಒಬ್ಬಾಕಿನ ನೋಡೇನಿ.’

ಅವಳ ಕಣ್ಣಲ್ಲಿ ಆ ಹಕ್ಕಿ ಇನ್ನೂ ರೆಕ್ಕೆ ಬಡಿಯುತ್ತಿತ್ತು.

ಇಷ್ಟು ವರ್ಷ ಅವಳ ಪರವಾಗಿ ನಾನು ಮುಗಿಸಿದ ಮಾತುಗಳಲ್ಲಿ ಎಷ್ಟು ಮಂಗಟ್ಟೆಗಳು ಮಂಗಗಳಾದವೋ?